ಹಗ್ಗ ಯಾಕೆ ಜೋಲುತ್ತದೆ

ಇಪ್ಪತ್ತೊಂಬತ್ತು ವರ್ಷ ಈ ಗುಂಡಿಗಳನ್ನು ಒತ್ತಿದ್ದೇನೆ.
ಹಸಿರು ಒತ್ತಿದರೆ ರೋಪ್‌ವೇ ಪೆಟ್ಟಿಗೆ ಕಣಿವೆಗಿಳಿಯುತ್ತದೆ,
ಕೆಂಪು ಒತ್ತಿದರೆ ಆಕಾಶದಲ್ಲೇ ನಿಲ್ಲುತ್ತದೆ,
ಒಳಗಿದ್ದವರು ನನ್ನ ತಾಯಿಯನ್ನು ನೆನೆಯುತ್ತಾರೆ.
ಚಿಯಾತುರಾದ ಗಣಿಯಾಳುಗಳ ಬೈಗುಳ
ಅವರ ಬೂಟಿನಷ್ಟೇ ಕಪ್ಪು, ಅಷ್ಟೇ ಭಾರ.

ಗುಂಡಿ ಗೊತ್ತು. ಗ್ರೀಸಿನ ವಾಸನೆ ಗೊತ್ತು.
ಗಾಳಿ ಏಳುವ ಮೊದಲು ಉಕ್ಕು ನರಳುವುದೂ ಗೊತ್ತು.
ಎಷ್ಟು ಬಿಗಿದರೂ ಎರಡು ಗುಡ್ಡದ ನಡುವೆ
ಈ ಹಗ್ಗ ಹೊಟ್ಟೆ ಬಿಡುತ್ತದಲ್ಲ,
ಆ ಹೊಟ್ಟೆಗೊಂದು ಹೆಸರಿದೆಯೇ ಎಂದು ಮಾತ್ರ
ಯಾರನ್ನೂ ಕೇಳಿರಲಿಲ್ಲ.

ಕೇಳಿದ್ದೆ, ಒಮ್ಮೆ. ಆಗ ಹದಿಮೂರು.
ಪೆಲಾಗ್ಯಾ ಟೀಚರು ಕನ್ನಡಕದ ಮೇಲಿಂದ ನೋಡಿ
"ತ್ಸಿಯಾಲಾ, ಅದು ಪಾಠದಲ್ಲಿಲ್ಲ" ಅಂದರು.
ಪಾಠದಲ್ಲಿಲ್ಲದ್ದು ನನ್ನ ತಲೆಯ ಮೇಲೆ
ನಲವತ್ತು ವರ್ಷ ತೂಗಾಡಿತು.

ಈಗ ರಾತ್ರಿಪಾಳಿಯಲ್ಲಿ, ಕೊನೆಯ ಪೆಟ್ಟಿಗೆ ಹೋದ ಮೇಲೆ,
ಬಿರುಕುಬಿಟ್ಟ ಫೋನನ್ನು ಫ್ಲಾಸ್ಕಿಗೆ ಆನಿಸಿ
ನಿನ್ನನ್ನು ಎಬ್ಬಿಸುತ್ತೇನೆ.
ನೀನು ಮಲಗುವುದಿಲ್ಲ, ಗೊತ್ತು. ಆದರೂ
ಹೊತ್ತಲ್ಲದ ಹೊತ್ತಿನಲ್ಲಿ ಕದ ತಟ್ಟುವವಳ ಸಂಕೋಚ.
ನಿನ್ನ ಜಾರ್ಜಿಯನ್ ಹೊಸ ಅಳಿಯನ ಭಾಷೆ:
ಬಲು ಮರ್ಯಾದೆ, ಅಲ್ಲಲ್ಲಿ ಎಡವಟ್ಟು.
ಉಕ್ಕಿನ ಹಗ್ಗಕ್ಕೆ ನೀನು ಹೊಲಿಗೆಯ ದಾರ ಅಂದಾಗ
ನಕ್ಕು ತಿದ್ದಿದೆ.
ಮರುದಿನವೂ ದಾರ. ಮತ್ತೆ ತಿದ್ದಿದೆ.

ಭಿನ್ನರಾಶಿಯಿಂದ ಶುರು. ನಾಚಿಕೆಯಾಯಿತು.
ಐವತ್ತು ದಾಟಿದ ಹೆಂಗಸು
ಮೆಕ್ಕೆಜೋಳದ ರೊಟ್ಟಿ ಮುರಿದು ಎಣಿಸುವುದೆಂದರೆ.
ನೀನೋ, ಉತ್ತರ ಬಾಯಿಬಿಡುವವನಲ್ಲ.
"ಮೂರರಲ್ಲೊಂದು ತುಂಡನ್ನು ಅರ್ಧ ಮಾಡಿದರೆ?"
ಆ ಅರ್ಧ ತಿಂದಾಯಿತಲ್ಲ.
"ಸರಿ, ಹೊಟ್ಟೆಗೆ ಹೋದದ್ದು ರೊಟ್ಟಿಯ ಎಷ್ಟನೇ ಪಾಲು?"
ಹುಳಿ ಪ್ಲಮ್ಮಿನ ಚಟ್ನಿ ಮೆತ್ತಿದ ಬೆರಳಲ್ಲೇ ಬರೆದೆ:
ಆರರಲ್ಲೊಂದು.

ಚಳಿ ಕಳೆಯಿತು. ವರ್ಗ ಬಂತು, ವರ್ಗದಿಂದ ನಕ್ಷೆ.
ಮೆಕ್ಯಾನಿಕ್ ಜುಂಬೇರ್ ಕಿಟಕಿಯಲ್ಲಿ ಇಣುಕಿ
"ಇಷ್ಟು ಹೊತ್ತಲ್ಲಿ ಯಾರ ಜೊತೆ? ಪ್ರಿಯಕರನೇ?"
"ಹೂಂ, ಹೋಮ್‌ವರ್ಕ್ ಕೊಡುವ ಪ್ರಿಯಕರ."

ಕೊನೆಗೊಂದು ರಾತ್ರಿ ಹಗ್ಗದ ಮಾತು ಕೇಳಿಯೇಬಿಟ್ಟೆ.
ನೀನು ತಡವರಿಸಲಿಲ್ಲ. "ಅದು ಪರವಲಯ,
ಎಸೆದ ಕಲ್ಲಿನ ದಾರಿ, ತಲೆಕೆಳಗಾದದ್ದು."
ಎಂಥ ಚಂದದ ಮಾತು. ನಂಬಿ ಮಲಗಿದೆ.
ನಿದ್ದೆ ಬರಲಿಲ್ಲ.
ಕಲ್ಲು ಎಸೆದವಳು ನಾನು, ಹಗ್ಗ ನೋಡಿದವಳೂ ನಾನು.
ಅಕ್ಕತಂಗಿಯರಿರಬಹುದು ಅವೆರಡು.
ಮುಖ ಒಂದೇ ಅಲ್ಲ.

ಅಮ್ಮನ ಬೆಳ್ಳಿ ಸರ ಬಿಚ್ಚಿ, ಶಿಲುಬೆ ಕಳಚಿಟ್ಟು,
ಕ್ಯಾಲೆಂಡರಿನ ಬೆನ್ನಿಗೆ ಚೌಕ ಹಾಕಿ,
ನೀನು ಕಲಿಸಿದಂತೆಯೇ ಚುಕ್ಕಿಗೆ ಚುಕ್ಕಿ ಸೇರಿಸಿ ಪರವಲಯ ಎಳೆದು,
ಎರಡು ಮೊಳೆಯಿಂದ ಸರ ಇಳಿಬಿಟ್ಟೆ.
ತುದಿ ಕೂಡಿದವು. ತಳವೂ ಕೂಡಿತು.
ನಡುದಾರಿಯಲ್ಲಿ, ಎರಡೂ ಕಡೆ, ಸರ
ಗೆರೆಗಿಂತ ಒಂದು ಬೆರಳಗಲ ಕೆಳಗೆ.
ಮೊಳೆ ಕಿತ್ತು ಮತ್ತೆ ಹೊಡೆದೆ.
ಅದೇ ಬೆರಳು.

ಫೋಟೋ ಕಳಿಸುವಾಗ ಕೈ ನಡುಗಿತು.
"ನಿಮ್ಮದೇ ಸರಿ. ನಾನು ತಪ್ಪಿದೆ.
ಇಳಿಬಿದ್ದ ಸರಪಳಿಗೆ ಅದರದೇ ಬೇರೆ ಗೆರೆ ಇದೆ."

ಗೆದ್ದೆ ಅನ್ನಿಸಲಿಲ್ಲ, ನೋಡು.
ಪೆಲಾಗ್ಯಾ ಟೀಚರು ನೆನಪಾದರು.
ಪಾಪ, ಅವರಿಗೂ ಗೊತ್ತಿರಲಿಲ್ಲವೇನೋ;
ಗೊತ್ತಿಲ್ಲ ಎನ್ನಲು ಆ ಕೋಣೆಯಲ್ಲಿ
ಅವರಿಗೊಂದು ಕುರ್ಚಿ ಇರಲಿಲ್ಲವೇನೋ.
ನಿನಗೇನು, ತಪ್ಪೊಪ್ಪಿದರೆ ಸಂಬಳ ಹೋಗುತ್ತದೆಯೇ,
ಹಿಂದಿನ ಬೆಂಚು ನಗುತ್ತದೆಯೇ?
ಅವತ್ತಿನಿಂದ ನೀನು ಏನೇ ಹೇಳಲಿ,
ಒಂದು ಮೊಳೆ ಹೊಡೆದು ನೋಡುತ್ತೇನೆ.
ನೀನೂ ಬೇಸರಿಸಿಲ್ಲ. ಅಥವಾ
ಬೇಸರ ಇನ್ನೂ ಯಾರೂ ನಿನಗೆ ಕಲಿಸಿಲ್ಲ.

ಆ ಬೇರೆ ಗೆರೆಯ ಸೂತ್ರ ನನಗಿನ್ನೂ ದೂರ.
ಇನ್ನೆರಡು ಚಳಿಗಾಲ ಬೇಕು ಅನ್ನುತ್ತೀ.
ಬೆಳಗಾಯಿತು. ಸರವನ್ನು ಕತ್ತಿಗೆ ಹಾಕಿಕೊಂಡೆ;
ಅದು ತನ್ನ ಲೆಕ್ಕಕ್ಕೆ ತಾನೇ ಬಾಗಿತು.
ಹಸಿರು ಒತ್ತಿದೆ.
ಜುಂಬೇರ್ ಒಳಗೆ ಬಂದು ಗೋಡೆ ನೋಡಿ
ಇವತ್ತು ಯಾವ ತಾರೀಖೆಂದು ಕೇಳುತ್ತಿದ್ದಾನೆ.